ಉರಿಮೂತ್ರ ಮತ್ತು ಔಷಧದ ಮಿತಿ

ಗಳಿಗೆಗೊಮ್ಮೆ ಮೂತ್ರಕ್ಕೆ ಅವಸರವಾಗುವುದು, ಹೋದರೆ ನಾಲ್ಕು ಹನಿಗಿಂತ ಹೆಚ್ಚು ಬಾರದಿರುವುದು, ಆ ನಾಲ್ಕು ಹನಿಯೂ ಕಣ್ಣಲ್ಲಿ ನೀರು ಬರಿಸುವಷ್ಟು ಉರಿಯುವುದು: ಈ ಯಾತನೆಯನ್ನು ಮನೆಯವರಲ್ಲಿಯೂ ಹೇಳಿಕೊಳ್ಳಲು ಸಂಕೋಚಪಟ್ಟು, ಉಷ್ಣವಾಗಿದೆಯೆಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು, ಬಾರ್ಲಿ ನೀರನ್ನೋ ಎಳನೀರನ್ನೋ ಕುಡಿದು ದಿನ ನೂಕುವ ಸ್ತ್ರೀಯರು ನಮ್ಮಲ್ಲಿ ಅಸಂಖ್ಯರು. ನೀರನ್ನು ಧಾರಾಳವಾಗಿ ಕುಡಿಯುವುದು ಹಿತವೇ ಸರಿ. ಆದರೆ ಈ ವ್ಯಾಧಿಗೆ ಮೂಲವಾದುದು ಬಹುತೇಕ ಸಂದರ್ಭಗಳಲ್ಲಿ ನಮ್ಮ ಕರುಳಿನಲ್ಲಿಯೇ ನಿರುಪದ್ರವಿಯಾಗಿ ವಾಸಿಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯ. ಸ್ತ್ರೀಯರ ಮೂತ್ರನಾಳವು ಸುಮಾರು 4 ಸೆಂಟಿಮೀಟರಿನಷ್ಟೇ ಉದ್ದವಾದುದರಿಂದ ಅದು ಅನಾಯಾಸವಾಗಿ ಮೇಲೇರಿ ಮೂತ್ರಕೋಶವನ್ನು ಸೇರುತ್ತದೆ. ಗರ್ಭಿಣಿಯಲ್ಲದ, ಜ್ವರವಾಗಲಿ ಪಕ್ಕೆನೋವಾಗಲಿ ಇಲ್ಲದ, ಕಲ್ಲು ಮುಂತಾದ ದೋಷಗಳಿಲ್ಲದ ಸ್ತ್ರೀಗೆ ಹೀಗಾದರೆ ವೈದ್ಯರು ಅದನ್ನು ಸರಳ ಸೋಂಕೆಂದು ಪರಿಗಣಿಸುತ್ತಾರೆ. ಇಲ್ಲಿ ಹೇಳುವುದೆಲ್ಲ ಅದೊಂದಕ್ಕೇ ಅನ್ವಯಿಸತಕ್ಕದ್ದು.

ಇದಕ್ಕೆ ಇಂದು ವೈದ್ಯರು ಮೊದಲು ನೆನೆಯುವ ಔಷಧಗಳಲ್ಲಿ 1950ರ ದಶಕದಿಂದ ಬಳಕೆಯಲ್ಲಿರುವ ನೈಟ್ರೊಫ್ಯುರಾಂಟಾಯಿನ್ ಪ್ರಮುಖವಾದುದು. ನುಂಗಿದ ಮಾತ್ರೆಯಿಂದ ರಕ್ತವನ್ನು ಸೇರಿದ ಔಷಧವು ಅಲ್ಲಿ ಹೆಚ್ಚು ಹೊತ್ತು ನಿಲ್ಲದೆ, ಮೂತ್ರಪಿಂಡಗಳ ಮೂಲಕ ಸೋಸಿಹೋಗಿ, ಸೋಂಕು ತಗುಲಿದ ಮೂತ್ರಕೋಶದಲ್ಲಿಯೇ ಸಾಂದ್ರವಾಗಿ ಶೇಖರಗೊಳ್ಳುವುದರಿಂದ, 5 ದಿನಗಳ ಸೇವನೆಯೇ ಸಾಮಾನ್ಯವಾಗಿ ಸಾಕಾಗುತ್ತದೆ. ಈ ಗುಣವೇ ಅದರ ಮಿತಿಯೂ ಹೌದು: ಸೋಂಕು ಮೂತ್ರಪಿಂಡಕ್ಕೇ ಏರಿದ್ದರೆ ಅದರಿಂದ ಪ್ರಯೋಜನವಿಲ್ಲ, ಮೂತ್ರಪಿಂಡಗಳು ತೀರ ದುರ್ಬಲವಾದವರಿಗೂ ಹೆರಿಗೆ ಸಮೀಪಿಸಿದ ಗರ್ಭಿಣಿಯರಿಗೂ ಅದು ಸಲ್ಲದು. ನಿಧಾನವಾಗಿ ಕರಗುವ ಬಗೆಯ ಮಾತ್ರೆಯಾದರೆ 100 ಮಿಲಿಗ್ರಾಮಿನಂತೆ ದಿನಕ್ಕೆ ಎರಡು ವೇಳೆ. ಸಾಮಾನ್ಯ ಬಗೆಯದಾದರೆ ನಾಲ್ಕು ವೇಳೆ. ಹೆಸರೊಂದೇ ಎಂದು ನೆರೆಮನೆಯಾಕೆಯ ಮಾತ್ರೆಯನ್ನು ತಂದು ನುಂಗುವವರು ಈ ಭೇದವನ್ನು ಅರಿಯರು. ಊಟದೊಡನೆ ತೆಗೆದುಕೊಂಡರೆ ಔಷಧ ಚೆನ್ನಾಗಿ ಮೈಗೆ ಹತ್ತುತ್ತದೆ. ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಗಾಬರಿಪಡಬೇಕಾಗಿಲ್ಲ.

ಎರಡನೆಯದು ಫಾಸ್ಫೊಮೈಸಿನ್. 3 ಗ್ರಾಮಿನ ಒಂದು ಪೊಟ್ಟಣದ ಪುಡಿಯನ್ನು ರಾತ್ರಿ ಊಟವಾಗಿ ಎರಡು ಮೂರು ಗಂಟೆಗಳ ತರುವಾಯ, ಮೂತ್ರ ವಿಸರ್ಜಿಸಿ ಬಂದು, ಲೋಟದ ನೀರಿನಲ್ಲಿ ಕದಡಿ ಕುಡಿದು ಮಲಗಿದರಾಯಿತು; ಬೆಳಗಿನವರೆಗೆ ಮೂತ್ರಕೋಶದಲ್ಲಿ ಔಷಧ ನಿಂತಿರಲೆಂಬುದೇ ಈ ಕ್ರಮದ ಉದ್ದೇಶ. ಸರಳ ಸೋಂಕಿಗೆ ಈ ಒಂದೇ ಸಲದ ಸೇವನೆ ಸಾಮಾನ್ಯವಾಗಿ ಸಾಕು. ಸಿಪ್ರೊಫ್ಲಾಕ್ಸಸಿನ್ ಜಾತಿಯ ಔಷಧಗಳಾದರೋ ಸ್ನಾಯುರಜ್ಜುಗಳಿಗೂ ನರಗಳಿಗೂ ಹಾನಿ ಮಾಡಬಲ್ಲವಾದುದರಿಂದ, ಬೇರೆ ಉಪಾಯವಿದ್ದಾಗ ಸರಳ ಸೋಂಕಿಗೆ ಅವನ್ನು ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಎಚ್ಚರಿಸಿತು.

ಔಷಧದಂಗಡಿಯ ಕಟ್ಟೆಗೆ ಕೈಯೂರಿ ‘ಉರಿಮೂತ್ರಕ್ಕೆ ಎರಡು ಮಾತ್ರೆ ಕೊಡಿ’ ಎಂದು ಕೇಳುವುದೂ, ಅಂಗಡಿಯಾತ ಹಿಂಬದಿಯ ಕೆಂಪುಗೆರೆಯನ್ನು ಲೆಕ್ಕಿಸದೆ ಪಟ್ಟಿಯನ್ನು ಕತ್ತರಿಯಿಂದ ತುಂಡರಿಸಿ ಕೊಡುವುದೂ ನಮ್ಮ ಊರುಗಳಲ್ಲಿ ನಿತ್ಯದ ನೋಟ. ವೈದ್ಯರ ಚೀಟಿಯಿಲ್ಲದೆ ಕೊಡಬಾರದೆಂದು ಸೂಚಿಸುವ ಗೆರೆ ಅದು. ಎರಡನೆಯ ದಿನಕ್ಕೇ ಉರಿ ಶಮನವಾಗಬಹುದು; ಆದರೆ ಅದರಿಂದ ರೋಗವೇ ತೀರಿತೆಂದು ಔಷಧವನ್ನು ಅಲ್ಲಿಗೇ ನಿಲ್ಲಿಸುವುದು ಭ್ರಮೆ. ಬ್ಯಾಕ್ಟೀರಿಯಗಳು ಅಷ್ಟರಲ್ಲಿ ಪೂರ್ಣವಾಗಿ ನಾಶವಾಗಿರಬೇಕೆಂದಿಲ್ಲ, ಉಳಿದವು ಮರಳಿ ವೃದ್ಧಿಯಾಗಬಹುದು. ಆದರೆ ಇದಕ್ಕೆ ವಿರುದ್ಧವಾದ ಭ್ರಮೆಯೂ ಅಷ್ಟೇ ಹಾನಿಕರವೆಂದು ನಾನು ಒತ್ತಿ ಹೇಳಬಯಸುತ್ತೇನೆ: 5 ದಿನ ಸಾಕಾದಲ್ಲಿ 10 ದಿನ ನುಂಗಿದರೆ ರೋಗವು ಇಮ್ಮಡಿ ಗುಣವಾಗುವುದಿಲ್ಲ, ಹೆಚ್ಚುವರಿ ದಿನಗಳ ಔಷಧವು ದೇಹದ ನಿರಪರಾಧಿ ಬ್ಯಾಕ್ಟೀರಿಯಗಳನ್ನು ಕೊಂದು, ಅದನ್ನು ತಾಳಿಕೊಳ್ಳಬಲ್ಲವುಗಳಿಗೆ ಎಡೆಮಾಡಿಕೊಡುತ್ತದೆ. ಮೂರು ದಿನದಲ್ಲಿ ಗುಣಪಡಿಸುತ್ತಿದ್ದ ಕೋಟ್ರೈಮಾಕ್ಸಜೋಲನ್ನು ಇಂದು ಭಾರತದಲ್ಲಿ ಪರೀಕ್ಷೆಯಿಲ್ಲದೆ ನೆಚ್ಚಲಾಗದಿರುವುದು ಇಂಥ ನಿರೋಧಶಕ್ತಿಯಿಂದಲೇ.

ಚಿಕಿತ್ಸೆ ಆರಂಭವಾಗಿ ಎರಡು ದಿನ ಕಳೆದರೂ ಉರಿ ತಗ್ಗದಿದ್ದರೆ ಬೇರೊಂದು ಮಾತ್ರೆಯನ್ನು ಹುಡುಕದೆ ವೈದ್ಯರಲ್ಲಿಗೆ ಹೋಗಿ ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಬೇಕು. ಚಳಿಜ್ವರ, ಪಕ್ಕೆನೋವು, ವಾಂತಿ ಕಾಣಿಸಿಕೊಂಡರಂತೂ ಆ ಎರಡು ದಿನವೂ ಕಾಯದೆ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.