ಪ್ರಾರ್ಥನೆ ಒಣಗಿದಾಗ

ಸಂಜೆ ಮೇಣದ ಬತ್ತಿ ಹಚ್ಚಿ ಮಂಡಿಯೂರುತ್ತೀರಿ. ಬಾಯಿ ತನ್ನ ಪಾಡಿಗೆ ತಾನು ಜಪ ಹೇಳುತ್ತದೆ. ಒಳಗೆ ಮಾತ್ರ ಏನೂ ಇಲ್ಲ, ಖಾಲಿ ಮನೆಯಲ್ಲಿ ಮಾತಾಡಿದ ಹಾಗೆ. ಮೊದಲೆಲ್ಲ ಎರಡು ಮಾತು ಹೇಳುವಷ್ಟರಲ್ಲಿ ಕಣ್ಣು ತುಂಬುತ್ತಿದ್ದವರಿಗೇ ಹೀಗಾದರೆ ಹೆದರಿಕೆ ಆಗದೆ ಇರುತ್ತದೆಯೇ? ಯಾರ ಹತ್ತಿರವಾದರೂ ಹೇಳಿಕೊಂಡರೆ ಸಿಗುವ ಉತ್ತರ ಒಂದೇ: "ನಿನ್ನ ವಿಶ್ವಾಸ ಕಡಿಮೆಯಾಗಿದೆ ಕಣಮ್ಮ, ಇನ್ನೂ ಜಾಸ್ತಿ ಪ್ರಾರ್ಥನೆ ಮಾಡು."

ನಮ್ಮ ಬೀದಿಯಲ್ಲೇ ಒಬ್ಬರಿದ್ದಾರೆ. ಗಂಡ ತೀರಿಕೊಂಡ ಮೇಲೂ ಒಂದು ಭಾನುವಾರ ಚರ್ಚು ತಪ್ಪಿಸಿದವರಲ್ಲ. "ಬಾಯಿ ಹಾಡುತ್ತೆ ಅಕ್ಕಾ, ಎದೆ ಹಾಡಲ್ಲ. ದೇವರು ನನ್ನ ಕೈ ಬಿಟ್ಟನೇನೋ" ಅಂದರು. ಗಂಡ ಹೋದ ದುಃಖಕ್ಕಿಂತ ಈ ಭಯವೇ ಅವರನ್ನು ಹೆಚ್ಚು ಕೊರೆಯುತ್ತಿತ್ತು. ಅವರಿಗೆ ನಾನು ಹೇಳಿದ ಸಂಗತಿಯನ್ನೇ ನಿಮಗೂ ಹೇಳುತ್ತೇನೆ.

ಮದರ್ ತೆರೇಸಾ ಅವರನ್ನು ತಿಳಿಯದವರು ಯಾರು? ನೀಲಿ ಅಂಚಿನ ಬಿಳಿ ಸೀರೆ, ಸುಕ್ಕುಗಟ್ಟಿದ ಮುಖದ ತುಂಬ ನಗು. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗ್‌ಗೆ ಹೋಗುವ ರೈಲಿನಲ್ಲಿ, ಬಡವರಲ್ಲಿ ಬಡವರ ಸೇವೆಗೆ ದೇವರು ಕರೆದಂತೆ ಅವರಿಗೆ ಅನುಭವವಾಯಿತು. 1948ರಲ್ಲಿ ತಾವಿದ್ದ ಕಾನ್ವೆಂಟ್ ಬಿಟ್ಟು ಕಲ್ಕತ್ತಾದ ಕೊಳೆಗೇರಿಗೆ ಇಳಿದರು. 1950ರಲ್ಲಿ ಅವರ ಸಂಸ್ಥೆಗೆ ಮಾನ್ಯತೆ ಸಿಕ್ಕಿತು. ಇನ್ನು ಮುಂದೆ ದೇವರು ಪಕ್ಕದಲ್ಲೇ ಇರಬೇಕಲ್ಲವೇ? ನೋಡಿ, ಆಗಿದ್ದು ಅದಕ್ಕೆ ತಿರುಗು ಮುರುಗು. ಕೆಲಸ ಶುರುವಾದ ಹೊತ್ತಿನಲ್ಲೇ ಒಳಗಿನ ದೀಪ ಆರಿತು. ಪ್ರಾರ್ಥನೆಯಲ್ಲಿ ದೇವರ ಸುಳಿವೇ ಇಲ್ಲ. 1958ರ ಅಕ್ಟೋಬರ್‌ನಲ್ಲಿ ಕೆಲವು ವಾರ ಬೆಳಕು ಬಂತು, ಮತ್ತೆ ಹೋಯಿತು. 1997ರಲ್ಲಿ ಕಣ್ಣು ಮುಚ್ಚುವವರೆಗೂ, ಹೆಚ್ಚು ಕಡಿಮೆ ಐವತ್ತು ವರ್ಷ, ಹೀಗೇ ನಡೆಯಿತು.

ಜೊತೆಯಲ್ಲಿದ್ದ ಸಿಸ್ಟರುಗಳಿಗೂ ಇದು ಗೊತ್ತಿರಲಿಲ್ಲ. ಬೆರಳೆಣಿಕೆಯ ಗುರುಗಳಿಗೆ ಮಾತ್ರ ಪತ್ರ ಬರೆದು ಹೇಳಿಕೊಂಡಿದ್ದರು. ಆ ಪತ್ರಗಳನ್ನು ನಾಶ ಮಾಡಿ ಅಂತಲೂ ಕೇಳಿಕೊಂಡಿದ್ದರು. ಮಾಡಲಿಲ್ಲ. 2007ರಲ್ಲಿ ಅವು ಪುಸ್ತಕವಾಗಿ ಬಂದವು. ಆಗ ಕೆಲವರು, ಹೊರಗೆ ನಗು ಒಳಗೆ ಶೂನ್ಯ, ಇದು ವೇಷವಲ್ಲವೇ ಅಂದರು. ನನಗೆ ಹಾಗೆ ಅನ್ನಿಸುವುದಿಲ್ಲ. ನೆಗಡಿ ಬಂದು ನಾಲಿಗೆಗೆ ರುಚಿಯೇ ಇಲ್ಲದ ದಿನವೂ ನಾವು ಸಾರಿಗೆ ಉಪ್ಪು ಹಾಕುತ್ತೇವೆ, ಕೈ ಅಳತೆಯಲ್ಲಿ. ಮನೆಯವರು ಉಂಡು ಚೆನ್ನಾಗಿದೆ ಅನ್ನುತ್ತಾರೆ. ಅದು ವೇಷವೇ?

ಅವರಿಗೆ ದಾರಿ ತೋರಿದವರು ಜೋಸೆಫ್ ನೊಯ್ನರ್ ಎಂಬ ಯೇಸುಸಭೆಯ ಗುರುಗಳು. 1961ರ ಸುಮಾರಿನಲ್ಲಿ ಅವರು ಹೇಳಿದ್ದರ ಸಾರ ಇಷ್ಟು: ಈ ಕತ್ತಲು ನಿಮ್ಮ ತಪ್ಪಿನಿಂದ ಬಂದದ್ದಲ್ಲ. ದೇವರು ಇದ್ದಾನೆ ಅನ್ನುವುದಕ್ಕೆ ಮನಸ್ಸಿಗೆ ಆಗುವ ಅನುಭವವೊಂದೇ ಸಾಕ್ಷಿಯಲ್ಲ. ದೇವರು ಬೇಕು ಬೇಕು ಎಂದು ಹಂಬಲಿಸುತ್ತೀರಲ್ಲ, ಆ ಹಂಬಲವೇ ಅವನಿರುವ ಗುರುತು. ಕತ್ತಲು ಇದರಿಂದ ಹೋಗಲಿಲ್ಲ. ಆದರೆ ಹೆದರಿಕೆ ಹೋಯಿತು. ಕೊಲ್ಲಿ ಉರಿದರೇ ದೇವರು, ಇಲ್ಲದಿದ್ದರೆ ಇಲ್ಲ ಅನ್ನುವ ಲೆಕ್ಕಾಚಾರದಿಂದ ಆ ತಾಯಿ ಪಾರಾದರು. ಬಿಡುಗಡೆ ಅಂದರೆ ಇದೇ ಅಂತ ನನ್ನ ಅನಿಸಿಕೆ. ಮನಸ್ಸು ಏರಲಿ ಇಳಿಯಲಿ, ನಾಳೆ ಬೆಳಿಗ್ಗೆ ಎದ್ದು ಮಾಡುವ ಕೆಲಸಕ್ಕೆ ಅದರ ಅಪ್ಪಣೆ ಬೇಕಾಗಿಲ್ಲ.

ನಮ್ಮ ಕನ್ನಡ ಬೈಬಲ್ಲಿನಲ್ಲಿ ನಂಬಿಕೆ, ಪ್ರೀತಿಗಳ ಜೊತೆಗೆ ನಿಲ್ಲಿಸಿರುವ ಮಾತು 'ನಿರೀಕ್ಷೆ'. ಎಷ್ಟು ಸರಿಯಾದ ಮಾತು! ನಿರೀಕ್ಷೆ ಅಂದರೆ ಕಾಯುವುದು. ಬಸ್ಸಿಗೆ ಕಾಯುವವಳಿಗೆ ಬಸ್ಸು ಕಾಣುತ್ತಿರುವುದಿಲ್ಲ, ಕಂಡರೆ ಕಾಯುವ ಮಾತೆಲ್ಲಿ?

ಮತ್ತೆ, ಅಳುವುದಕ್ಕೂ ದೂರುವುದಕ್ಕೂ ಅಲ್ಲಿ ಜಾಗವಿದೆ. 150 ಕೀರ್ತನೆಗಳಲ್ಲಿ ದೇವರಿಗೆ ಮೊರೆಯಿಡುವವು ಬಹಳ, ಅವುಗಳಲ್ಲಿ ಹೆಚ್ಚಿನವು ಕೊನೆಗೆ ಹೇಗೋ ಸಮಾಧಾನಕ್ಕೆ ಬಂದು ನಿಲ್ಲುತ್ತವೆ. 88ನೆಯದು ಹಾಗಲ್ಲ. ಅದು ಕತ್ತಲೆಯಲ್ಲೇ ಮುಗಿದುಹೋಗುತ್ತದೆ. ಆದರೂ ಅದನ್ನು ಯಾರೂ ತೆಗೆದು ಹಾಕಲಿಲ್ಲ. ಯೇಸುವೂ ಶಿಲುಬೆಯ ಮೇಲೆ ಕೂಗಿದ್ದು 22ನೆಯ ಕೀರ್ತನೆಯ ಮೊದಲ ಮಾತನ್ನೇ, ದೇವರು ಕೈಬಿಟ್ಟನೆಂಬ ಗೋಳಿನ ಮಾತನ್ನು.

ಮನೆಯಲ್ಲಿ ಮಾಡಬಹುದಾದ್ದು ಏನು ಅಂತ ಕೇಳುತ್ತೀರಾ? ದೊಡ್ಡ ಪ್ರಾರ್ಥನೆ ಆಗದಿದ್ದರೆ ಚಿಕ್ಕದು ಮಾಡಿ, ಆದರೆ ಹೊತ್ತು ತಪ್ಪಿಸಬೇಡಿ. ಮನಸ್ಸು ಕತ್ತಲಲ್ಲಿದ್ದಾಗ, ಬೆಳಕಿದ್ದಾಗ ಮಾಡಿದ ತೀರ್ಮಾನಗಳನ್ನು ಬದಲಿಸಬಾರದು ಎಂಬುದು ಸಂತ ಇಗ್ನೇಷಿಯಸರ ಬುದ್ಧಿವಾದ. ಚರ್ಚಿಗೆ ಹೋಗುವುದನ್ನೇ ಬಿಟ್ಟುಬಿಡೋಣ, ಯಾರ ಮುಖವನ್ನೂ ನೋಡುವುದು ಬೇಡ ಅನ್ನಿಸಿದರೆ ಅದನ್ನು ನಾಲ್ಕು ದಿನ ಮುಂದಕ್ಕೆ ಹಾಕಿ. ಹಾಡಲಾಗದಿದ್ದರೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತಿರಿ, ಹಾಡುವವರು ಹಾಡಲಿ.

ಇನ್ನೊಂದು ಮಾತು. ತೆರೇಸಾ ತಾಯಿ ಕೆಲಸ ನಿಲ್ಲಿಸಿದವರಲ್ಲ. ನಿಮಗೆ ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಏಳಲೂ ಕೈಲಾಗುವುದಿಲ್ಲ, ಬದುಕೇ ಬೇಡ ಅನ್ನಿಸುತ್ತದೆ ಅಂದರೆ ಅದು ಕಾಯಿಲೆಯಿರಬಹುದು. ಅದಕ್ಕೆ ಔಷಧಿಯಿದೆ. ಡಾಕ್ಟರ ಹತ್ತಿರ ಹೋಗುವುದು ಅವಿಶ್ವಾಸವಲ್ಲ. ಸರಕಾರದ ಟೆಲಿ ಮಾನಸ್ ಸಹಾಯವಾಣಿಯ ನಂಬರು 14416. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯವರಿಗೆ ಹೇಳಲು ಸಂಕೋಚವಾದರೆ ಮೊದಲು ಅಲ್ಲಿಗೇ ಹೇಳಿ.