ಹಳೆಯ ಪೊಲೀಸ್ ದಾಖಲೆ ಮತ್ತು ನೌಕರರ ನೇಮಕ

ಉಗ್ರಾಣ, ನಗದು, ಕಾವಲು ಮುಂತಾದ ಹೊಣೆಗಾರಿಕೆಯ ಕೆಲಸಗಳಿಗೆ ನೇಮಕ ಮಾಡುವ ಮುನ್ನ ಅಭ್ಯರ್ಥಿಯ ಪೊಲೀಸ್ ಪರಿಶೀಲನೆ ಕೋರುವ ಪರಿಪಾಠ ನಮ್ಮ ಉದ್ಯಮಗಳಲ್ಲಿ ಬೆಳೆದಿದೆ. ಈ ಎಚ್ಚರಿಕೆ ಯುಕ್ತವೇ. ಆದರೆ ಪರಿಶೀಲನೆಗೂ ಮಿತಿಯುಂಟು ಎಂಬುದನ್ನು ಮಾಲೀಕರು ಅರಿತಿರಬೇಕು.

ಹದಿನೆಂಟು ವರ್ಷ ತುಂಬುವ ಮುನ್ನ ನಡೆದ ಕೃತ್ಯಗಳ ವಿಷಯದಲ್ಲಿ 2015ರ ಬಾಲನ್ಯಾಯ ಕಾಯ್ದೆ ಸ್ಪಷ್ಟವಾಗಿದೆ. ಅದರ 74ನೆಯ ಕಲಮಿನಂತೆ, ಇತ್ಯರ್ಥಗೊಂಡ ಪ್ರಕರಣದ ದಾಖಲೆಯನ್ನು ಪೊಲೀಸರು ನಡತೆ ಪ್ರಮಾಣಪತ್ರದ ಸಲುವಾಗಿ ಬಹಿರಂಗಪಡಿಸುವಂತಿಲ್ಲ. 24ನೆಯ ಕಲಮಿನಂತೆ, ಅಪರಾಧ ಸಾಬೀತಾದರೂ ಅದರಿಂದ ಯಾವುದೇ ಅನರ್ಹತೆ ಉಂಟಾಗದು. ಮೇಲ್ಮನವಿಯ ಅವಧಿ ಕಳೆದ ಬಳಿಕ ದಾಖಲೆಯನ್ನು ನಾಶಪಡಿಸಬೇಕು. ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥರೆಂದು ಕಂಡುಬಂದ, 16 ವರ್ಷ ತುಂಬಿದವರಿಗೆ ಮಾತ್ರ 24ನೆಯ ಕಲಮಿನ ರಕ್ಷಣೆ ದೊರೆಯದು.

ವಯಸ್ಕರಿಗೆ ನಮ್ಮಲ್ಲಿ ಇಂತಹ ವ್ಯಾಪಕ ರಕ್ಷಣೆಯಿಲ್ಲ. ಬ್ರಿಟನ್ನಿನಲ್ಲಾದರೋ 1974ರ ಕಾಯ್ದೆಯ ಪ್ರಕಾರ, ಶಿಕ್ಷೆ ಮುಗಿದು ನಿಗದಿತ ಕಾಲ ಕಳೆದರೆ ಹಲವು ಅಪರಾಧಗಳನ್ನು ಸಾಮಾನ್ಯ ಉದ್ಯೋಗಗಳಿಗಾಗಿ ತಿಳಿಸಬೇಕಾಗಿಲ್ಲ. ಇಲ್ಲಿ ಆ ವಿವೇಚನೆಯ ಭಾರ ಬಹುಮಟ್ಟಿಗೆ ಮಾಲೀಕರ ಮೇಲೆಯೇ ಬೀಳುತ್ತದೆ.

ಆದುದರಿಂದ ಅರ್ಜಿ ನಮೂನೆಯಲ್ಲಿ ಬಾಲ್ಯದ ಪ್ರಕರಣಗಳನ್ನು ಕೇಳದಿರುವುದು ಲೇಸು. ಬಂಧನವೆಂದರೆ ಅಪರಾಧ ಸಾಬೀತಾದಂತಲ್ಲ. ಪ್ರಕರಣ ಖುಲಾಸೆಯಾಯಿತೇ ಎಂದು ವಿಚಾರಿಸತಕ್ಕದ್ದು. ಶಿಕ್ಷೆಯಾಗಿದ್ದರೆ ಎಷ್ಟು ಕಾಲವಾಯಿತು, ಅದಕ್ಕೂ ಈ ಕೆಲಸಕ್ಕೂ ಸಂಬಂಧವಿದೆಯೇ ಎಂದು ನೋಡಿ, ಅಭ್ಯರ್ಥಿಯ ವಿವರಣೆ ಕೇಳಿ ತೀರ್ಮಾನಿಸಬೇಕು. ಒಂದು ಹಳೆಯ ಕಾಗದದ ಮೇಲೆ ಬಾಗಿಲು ಮುಚ್ಚಿದರೆ ಒಂದು ಕುಟುಂಬ ಅನ್ನ ಕಳೆದುಕೊಳ್ಳುತ್ತದೆ. ನಾವು ಒಬ್ಬ ನುರಿತ ಕೆಲಸಗಾರನನ್ನು ಕಳೆದುಕೊಳ್ಳುತ್ತೇವೆ.