ಚುನಾವಣಾ ಪ್ರಚಾರ ಮತ್ತು ವರ್ತಕರ ಮೊಬೈಲ್ ಫೋನು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಿಂದ ರಾಣೆಬೆನ್ನೂರಿನ ಬೀಜದ ಅಂಗಡಿಗಳವರೆಗೆ ದರ, ಆವಕ, ಲಾರಿ ಬಾಡಿಗೆ ಮುಂತಾದ ವಿಷಯಗಳು ಈಗ ಬಹುಮಟ್ಟಿಗೆ ವಾಟ್ಸ್‌ಆ್ಯಪ್ ಗುಂಪುಗಳ ಮೂಲಕವೇ ತಿಳಿಯುತ್ತಿರುವುದು ಸದಸ್ಯ ಬಾಂಧವರಿಗೆ ಗೊತ್ತಿರುವ ಸಂಗತಿ. ರಾಜಕೀಯ ಪಕ್ಷಗಳ ಪ್ರಚಾರವೂ ಇದೇ ಹಾದಿಯನ್ನು ಹಿಡಿದಿದೆ. ಗೋಡೆಬರಹ, ಭಿತ್ತಿಪತ್ರಗಳ ಕಾಲ ಹಿಂದೆ ಸರಿಯುತ್ತಿರುವುದನ್ನು ಮುದ್ರಣಾಲಯ ನಡೆಸುವವರು ಇತರರಿಗಿಂತ ಚೆನ್ನಾಗಿ ಬಲ್ಲರು. ವ್ಯವಹಾರದ ಹಾದಿಯೂ ಪ್ರಚಾರದ ಹಾದಿಯೂ ಒಂದೇ ಆದಾಗ ವರ್ತಕನ ಮೇಲೆ ಬೀಳುವ ಹೊಣೆ ಯಾವುದೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ನಮ್ಮ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿರುವ ಕ್ಯೂಆರ್ ಕೋಡ್ ಪ್ರಚಾರದ ಸಾಧನವಾದದ್ದು 2022ರ ಸೆಪ್ಟೆಂಬರ್‌ನಲ್ಲಿ. ಆಗ ಮುಖ್ಯಮಂತ್ರಿಗಳೂ ನಮ್ಮ ಶಿಗ್ಗಾಂವಿಯ ಶಾಸಕರೂ ಆಗಿದ್ದ ಶ್ರೀ ಬಸವರಾಜ ಬೊಮ್ಮಾಯಿಯವರ ಮುಖಚಿತ್ರವನ್ನು ಸೇರಿಸಿ ಕಾಂಗ್ರೆಸ್ ಪಕ್ಷವು ಬೆಂಗಳೂರಿನಲ್ಲಿ 'ಪೇಸಿಎಂ' ಭಿತ್ತಿಪತ್ರಗಳನ್ನು ಅಂಟಿಸಿತು. ಗುತ್ತಿಗೆದಾರರ ಸಂಘವು 2021ರಲ್ಲಿ ಮಾಡಿದ್ದ ಶೇ. 40 ಕಮಿಷನ್ ಆರೋಪವೇ ಅದರ ವಸ್ತು. ಅಂಟಿಸಿದ ಕಾಗದಗಳು ಕೆಲವೇ ಇದ್ದಿರಬಹುದು. ಅವುಗಳ ಫೋಟೋ ಮಾತ್ರ ರಾಜ್ಯದ ಮೂಲೆಮೂಲೆಯ ಫೋನುಗಳಿಗೆ ತಲುಪಿತು. ಹಂಚುವ ಕೆಲಸವನ್ನು ಜನರೇ, ಖರ್ಚಿಲ್ಲದೆ, ಮಾಡಿಕೊಟ್ಟರು. ಈ ವಿಧಾನದ ಒಟ್ಟು ಗುಟ್ಟು ಇದೇ.

ಪ್ರಚಾರದಲ್ಲಿ ಎರಡು ಬಗೆಗಳುಂಟು. ಮೊದಲನೆಯದು ಹಣ ಕೊಟ್ಟು ಹಾಕಿಸುವ ಜಾಹೀರಾತು. ಇದಕ್ಕೆ ಮಾಧ್ಯಮ ಪ್ರಮಾಣೀಕರಣ ಮತ್ತು ಮೇಲ್ವಿಚಾರಣಾ ಸಮಿತಿಯ ಪೂರ್ವಾನುಮತಿ ಬೇಕೆಂದು ಚುನಾವಣಾ ಆಯೋಗವು 2013ರ ಅಕ್ಟೋಬರ್‌ನಲ್ಲಿಯೇ ಆದೇಶಿಸಿದೆ. ಜಾಹೀರಾತಿನ ದರವಷ್ಟೇ ಅಲ್ಲ, ಅದನ್ನು ತಯಾರಿಸಿದವರ ಹಾಗೂ ಖಾತೆ ನೋಡಿಕೊಳ್ಳುವವರ ಸಂಬಳವೂ ಅಭ್ಯರ್ಥಿಯ ಲೆಕ್ಕಕ್ಕೆ ಸೇರತಕ್ಕದ್ದು. ನಮ್ಮ ರಾಜ್ಯದಲ್ಲಿ ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ 2022ರಿಂದ 40 ಲಕ್ಷ ರೂಪಾಯಿ. ಆದರೆ ಪಕ್ಷದ ಸಾಮಾನ್ಯ ಪ್ರಚಾರದ ಖರ್ಚಿಗೆ ಮಿತಿಯೇ ಇಲ್ಲ. ಅಭ್ಯರ್ಥಿಯ ಹೆಸರಿಗಿಂತ ಪಕ್ಷದ ಚಿಹ್ನೆಯೇ ಎದ್ದು ಕಾಣುವ ಜಾಹೀರಾತುಗಳು ಅಷ್ಟೊಂದು ಏಕೆಂಬುದು ಲೆಕ್ಕ ಬಲ್ಲ ನಮ್ಮವರಿಗೆ ಹೇಳಬೇಕಾದುದಿಲ್ಲ.

ಎರಡನೆಯದು ಕೈಯಿಂದ ಕೈಗೆ ದಾಟುವ ಸಂದೇಶ. ಇದಕ್ಕೆ ಪೂರ್ವಾನುಮತಿಯೂ ಇಲ್ಲ, ರಸೀದಿಯೂ ಇಲ್ಲ. ತೊಂದರೆ ಇರುವುದೂ ಇಲ್ಲಿಯೇ.

ಶಿಗ್ಗಾಂವಿ ಉಪಚುನಾವಣೆಯ ಮತದಾನ 2024ರ ನವೆಂಬರ್ 13ರಂದು ಇತ್ತು. ಅದಕ್ಕೆ ಕೆಲವೇ ದಿನಗಳ ಮುಂಚೆ, ಹಾವೇರಿ ಜಿಲ್ಲೆಯ ರೈತರೊಬ್ಬರು ತಮ್ಮ ಜಮೀನು ವಕ್ಫ್ ಮಂಡಳಿಯ ಪಾಲಾದುದರಿಂದ ಆತ್ಮಹತ್ಯೆ ಮಾಡಿಕೊಂಡರೆಂಬ ಸುದ್ದಿಯನ್ನು ಸಂಸದ ಶ್ರೀ ತೇಜಸ್ವಿ ಸೂರ್ಯ ಅವರು ಎಕ್ಸ್ ಜಾಲತಾಣದಲ್ಲಿ ಹಂಚಿಕೊಂಡರು. ಆ ಸಾವು ಸಂಭವಿಸಿದ್ದು 2022ರ ಜನವರಿಯಲ್ಲಿ, ಕಾರಣ ಬೆಳೆಹಾನಿ ಮತ್ತು ಸಾಲ ಎಂದು ಜಿಲ್ಲಾ ಪೊಲೀಸರು ಸ್ಪಷ್ಟಪಡಿಸಿದರು. ಸಂಸದರು ಸಂದೇಶವನ್ನು ಅಳಿಸಿದರು. ಅವರ ಮೇಲೂ ಕೆಲವು ಸುದ್ದಿತಾಣಗಳ ಸಂಪಾದಕರ ಮೇಲೂ ದಾಖಲಾಗಿದ್ದ ಮೊಕದ್ದಮೆಯ ಪೈಕಿ ಸಂಸದರ ವಿರುದ್ಧದ್ದನ್ನು ಹೈಕೋರ್ಟ್ ಅದೇ ಡಿಸೆಂಬರ್‌ನಲ್ಲಿ ರದ್ದುಪಡಿಸಿತು. 2025ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಸರ್ಕಾರದ ಮನವಿಯನ್ನು ತಳ್ಳಿಹಾಕಿತು. ಅಲ್ಲಿಗೆ ಆ ಪ್ರಕರಣದ ಕಾನೂನು ಮುಗಿಯಿತು. ಆದರೆ ಮೊದಲ ಸಂದೇಶವನ್ನು ಓದಿದವರೆಲ್ಲರಿಗೂ ಪೊಲೀಸರ ಸ್ಪಷ್ಟೀಕರಣ ತಲುಪಿರಲಾರದೆಂದೇ ಈ ಲೇಖಕನ ಭಾವನೆ.

ರೈತ, ಸಾಲ, ಜಮೀನು ಎಂಬ ಮಾತುಗಳು ನಮ್ಮ ಪೇಟೆಗಳಲ್ಲಿ ಎಷ್ಟು ಸೂಕ್ಷ್ಮವೆಂಬುದನ್ನು ಬ್ಯಾಡಗಿಯವರು ಮರೆತಿಲ್ಲ. 2024ರ ಮಾರ್ಚ್ 11ರಂದು ದರ ಕುಸಿದಾಗ ಎಪಿಎಂಸಿ ಪ್ರಾಂಗಣದಲ್ಲಿ ವಾಹನಗಳು ಸುಟ್ಟವು. ಅಂಥ ದಿನದಂದು ದರದ ಗುಂಪಿನಲ್ಲಿ ಪರಿಶೀಲಿಸದ ರಾಜಕೀಯ ಸಂದೇಶವೊಂದು ಬಂದು ಬಿದ್ದರೆ, ರೈತರು ಆ ಗುಂಪಿನ ದರವನ್ನು ನಂಬುವರೇ?

ಇನ್ನು ವರ್ತಕರು ತಿಳಿದಿರಬೇಕಾದ ಕಾನೂನು. ಪರಿಚಯದ ಅಭ್ಯರ್ಥಿಗಾಗಿ ಅಂಗಡಿಯ ಫೇಸ್‌ಬುಕ್ ಪುಟದಲ್ಲಿ ಸ್ವಂತ ಹಣದಿಂದ ಜಾಹೀರಾತು ಹಾಕಿಸುವ ಉತ್ಸಾಹಿಗಳು ನಮ್ಮಲ್ಲಿ ಇದ್ದಾರೆ. ಅಭ್ಯರ್ಥಿಯ ಲಿಖಿತ ಅನುಮತಿಯಿಲ್ಲದೆ ಅವರ ಗೆಲುವಿಗಾಗಿ ಖರ್ಚು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 176ನೆಯ ಕಲಮಿನಂತೆ ಅಪರಾಧ. ಹಿಂದಿನ ದಂಡಸಂಹಿತೆಯಲ್ಲಿ 500 ರೂಪಾಯಿ ಇದ್ದ ದಂಡ ಈಗ 10,000 ರೂಪಾಯಿವರೆಗೆ ಏರಿದೆ. ಅನುಮತಿ ಪಡೆದರೆ ಆ ಮೊತ್ತ ಅಭ್ಯರ್ಥಿಯ ಲೆಕ್ಕಕ್ಕೆ ಹೋಗುತ್ತದೆ. ಆದುದರಿಂದ ಕಾಗದಪತ್ರ ಇಟ್ಟುಕೊಳ್ಳುವುದು ಇಬ್ಬರಿಗೂ ಕ್ಷೇಮ.

ಗುಂಪಿನ ಅಡ್ಮಿನ್ ಆದವರಿಗೆ ಸ್ವಲ್ಪ ಸಮಾಧಾನವಿದೆ. ಸದಸ್ಯನೊಬ್ಬ ಹಾಕಿದ ಸಂದೇಶಕ್ಕೆ ಅಡ್ಮಿನ್ ತಾನಾಗಿಯೇ ಹೊಣೆಯಾಗುವುದಿಲ್ಲವೆಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ತೀರ್ಪಿತ್ತಿವೆ. ಸ್ವತಃ ಮುಂದಕ್ಕೆ ಕಳುಹಿಸಿದವರಿಗೆ ಈ ರಕ್ಷಣೆ ಅನ್ವಯಿಸದು. ಬಹಳ ಸಲ ದಾಟಿ ಬಂದ ಸಂದೇಶದ ಮೇಲೆ ವಾಟ್ಸ್‌ಆ್ಯಪ್ ಜೋಡಿ ಬಾಣದ ಗುರುತು ಹಾಕುತ್ತದೆ. 2020ರ ಏಪ್ರಿಲ್‌ನಿಂದ ಅಂಥದನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಲು ಸಾಧ್ಯ. ಆ ಗುರುತು ಕಂಡಾಗ ಕೈ ತಡೆಯುವುದು ಲೇಸು.

ಗಿರಾಕಿಗಳ ಫೋನ್ ನಂಬರುಗಳ ಪಟ್ಟಿಯನ್ನು ಕಾರ್ಯಕರ್ತರು ಕೇಳುವುದುಂಟು. ಸಲುಗೆಯಿಂದ ಕೊಡುವುದೂ ಉಂಟು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ನಿಗದಿಯಾಗಿವೆ. ಬಿಲ್ಲಿಗಾಗಿ ಪಡೆದ ನಂಬರನ್ನು ಗಿರಾಕಿಯ ಒಪ್ಪಿಗೆಯಿಲ್ಲದೆ ಬೇರೊಬ್ಬರಿಗೆ ಕೊಡುವ ರೂಢಿಯನ್ನು ಈಗಲೇ ಬಿಡತಕ್ಕದ್ದು. ಚುನಾವಣಾ ಕಾಲದ ನೀತಿಸಂಹಿತೆಯ ಉಲ್ಲಂಘನೆ ಕಂಡುಬಂದಲ್ಲಿ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ದೂರು ಸಲ್ಲಿಸಬಹುದು. ಹೆಸರು ತಿಳಿಸದೆಯೂ ದೂರು ಕೊಡುವ ಅವಕಾಶ ಅದರಲ್ಲಿದೆ.